ಬಸ್ಯಾನ ಕೂಡ ಆಡಿದ ಮಾತು

ಹೋದ ತಿಂಗಳು ಬೈಲಹೊಂಗಲದಲ್ಲಿ ಮಗಳ ಮನೆಯ ಕಿಟಕಿಗಳಿಗೆ ಬಣ್ಣ ಹಚ್ಚುವವರು ಬಂದಿದ್ದರು. ಬಣ್ಣ ಗಟ್ಟಿಯಾಯಿತೆಂದು ಅವರಲ್ಲೊಬ್ಬ ಡಬ್ಬಿಯೊಳಗೆ ಟರ್ಪೆಂಟೈನ್ ಸುರಿದ. ನಾನು ಪಡಸಾಲೆಯಲ್ಲಿ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈ ನಿಂತಿತು. "ತಲಿ ನೋಯಾಕತ್ತೈತೇನವ್ವಾ? ಕಿಟಕಿ ತೆಗೀಲೇನು?" ಎಂದು ಮಗಳು ಕೇಳಿದಳು. ಬೇಡ ಎಂದೆ. ಉಳಿದವರಿಗೆಲ್ಲ ಅದು ಬಣ್ಣದ ವಾಸನೆ. ನನಗೆ ಅದು ಎತ್ತಿನ ಹೊಟ್ಟೆಯ ಔಷಧದ ವಾಸನೆ. ಹಾಗೆಂದರೆ ಮಗಳು ನಕ್ಕಾಳೆಂದು ಸುಮ್ಮನಾದೆ. ಆದರೆ ಒಳಗೆ ಎಪ್ಪತ್ತೊಂದರ ಮುಂಗಾರು ಎದ್ದು ಕೂತಿತ್ತು.

ಆಗ ನನಗೆ ಇಪ್ಪತ್ತು ತುಂಬಿರಲಿಲ್ಲ. ನನ್ನನ್ನು ಕೊಟ್ಟಿದ್ದು ಮುನವಳ್ಳಿ ಹತ್ತಿರದ ಒಂದು ಸಣ್ಣ ಊರಿಗೆ. ನಮ್ಮವರು ಮಿಲಿಟರಿಯಲ್ಲಿದ್ದರು. ಮದುವೆಯಾದ ಮೇಲೆ ಅವರ ಮುಖ ನೋಡಿದ್ದು ಎರಡು ರಜೆಯಲ್ಲಿ ಮಾತ್ರ. ಆ ವರ್ಷ ಗಡಿಯಲ್ಲಿ ಗದ್ದಲದ ಸುದ್ದಿ ಇದ್ದುದರಿಂದ ರಜೆಯ ಆಸೆಯೂ ಇರಲಿಲ್ಲ. ಅತ್ತೆ ಚಳಿಗಾಲದಲ್ಲಿ ತೀರಿಕೊಂಡಿದ್ದರು. ತವರಿನಲ್ಲಿ ಅವ್ವ ಇರಲಿಲ್ಲ, ಅಪ್ಪ ಮತ್ತೊಂದು ಮದುವೆಯಾಗಿದ್ದ. ಅಲ್ಲಿ ನನಗೆ ಹಬ್ಬಕ್ಕೆ ಹೋಗಿ ಬರುವಷ್ಟೇ ಜಾಗ. ಹೀಗಾಗಿ ಒಬ್ಬಳೇ ಆ ಮನೆಯಲ್ಲಿ ದೀಪ ಹಚ್ಚಿಕೊಂಡು ಉಳಿದೆ. ರಾತ್ರಿ ಜೊತೆಗೆ ಮಲಗಲು ಎದುರು ಮನೆಯ ಕಾಳವ್ವ ಬರುತ್ತಿದ್ದಳು. ವಯಸ್ಸಾದ ಹೆಂಗಸು, ತಲೆ ದಿಂಬಿಗೆ ತಾಗುವ ಮೊದಲೇ ಗೊರಕೆ. ಜೊತೆ ಎಂದರೆ ಆ ಗೊರಕೆಯಷ್ಟೇ.

ಗೋಡೆಯ ಆಚೆ ಭಾವ ಇದ್ದರು, ನಮ್ಮವರ ಅಣ್ಣ. ಅವರ ಹೆಂಡತಿ ಹೆರಿಗೆಯಲ್ಲಿ ಹೋಗಿದ್ದಳು, ಕೂಸೂ ಉಳಿಯಲಿಲ್ಲ. ಮತ್ತೆ ಮದುವೆಯ ಮಾತು ತಂದವರಿಗೆ ಅವರು ಚಹಾ ಕುಡಿಸಿ ದಾರಿ ತೋರಿಸುತ್ತಿದ್ದರಂತೆ. ನಾನು ಸೊಸೆಯಾಗಿ ಬಂದ ಮೇಲೆ ಹಿರಿಯರು ಕೂತು ಮಾತಾಡಿದರು. ಹೆಂಡತಿಯಿಲ್ಲದ ಗಂಡಸು, ಗಂಡ ಊರಲ್ಲಿಲ್ಲದ ಹೆಂಗಸು ಒಂದೇ ಸೂರಿನಡಿ ಇದ್ದರೆ ನೋಡುವವರ ಕಣ್ಣಿಗೆ ಸರಿ ಕಾಣುವುದಿಲ್ಲ ಎಂದು ಮನೆಯ ನಡುವೆ ಗೋಡೆ ಎಬ್ಬಿಸಿದರು. ಜಗಳವಿಲ್ಲದ ಪಾಲು ಅದು. ಹೊಲ ಎರಡಾಯಿತು, ಒಲೆ ಎರಡಾಯಿತು, ಬಣವೆ ಎರಡಾಯಿತು. ಮನೆಯ ಮುಂಭಾಗದ, ದನ ಕಟ್ಟುವ ಅಂಕಣಕ್ಕೆ ಮಾತ್ರ ಗೋಡೆ ಬರಲಿಲ್ಲ. ಒಂದೇ ಗೋದಲಿಯಲ್ಲಿ ತಿಂದು ಬೆಳೆದ ಜೋಡಿ ಎತ್ತುಗಳ ನಡುವೆ ಗೋಡೆ ಬೇಡ ಎಂದು ಅತ್ತೆಯೇ ಅಡ್ಡ ಬಂದರಂತೆ. ಹೆಸರಿಗೆ ಬಸ್ಯಾ ನಮ್ಮ ಪಾಲಿಗೆ, ಸೋಮ್ಯಾ ಭಾವನ ಪಾಲಿಗೆ. ಆದರೆ ಒಂಟಿ ಎತ್ತಿನಿಂದ ಹೊಲ ಆಗುತ್ತದೆಯೇ? ಭಾವ ಎರಡನ್ನೂ ಹೂಡಿ ಎರಡೂ ಹೊಲ ಮಾಡುತ್ತಿದ್ದರು. ಎರಡಕ್ಕೂ "ನಮ್ಮ ಎತ್ತು" ಅನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತಿದ್ದೆ. ನಂದು, ನಿಂದು ಎಂಬ ಮಾತು ಆ ಅಂಕಣದೊಳಗೆ ಕಾಲಿಟ್ಟಿರಲಿಲ್ಲ.

ಈಗಿನವರಿಗೆ ಇನ್ನೊಂದನ್ನು ಬಿಡಿಸಿ ಹೇಳಬೇಕು. ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡುವ ಪದ್ಧತಿ ನಮ್ಮ ಮನೆತನದಲ್ಲಿ ಇರಲಿಲ್ಲ. ತಲೆ ಮೇಲೆ ಸೆರಗು, ಬಾಗಿಲ ಮರೆ, ಅಷ್ಟೇ. ಅತ್ತೆ ಇರುವ ತನಕ ಎಲ್ಲ ಮಾತೂ ಅವರ ಬಾಯಿಂದ ಹೋಗಿ ಬರುತ್ತಿತ್ತು. ಅವರು ಹೋದ ಮೇಲೆ ಗೋಡೆಯ ಎರಡೂ ಕಡೆ ಬಾಯಿಗೆ ಬೀಗ ಬಿತ್ತು. ಒಂದು ಸಂಜೆ ಭಾವ ಗೋದಲಿಗೆ ಕಣಕಿ ಹಾಕುತ್ತ ನಿಂತವರು ಬಸ್ಯಾನ ಬೆನ್ನು ತಟ್ಟಿ, "ಬಸ್ಯಾ, ನಾಳೆ ಹೊಲಕ್ಕ ನಾಕು ಆಳು ಬರತಾರಪಾ. ಅವರಿಗೆ ರೊಟ್ಟಿ ಯಾರು ಬಡೀತಾರೋ ಏನೋ" ಎಂದರು. ನಾನು ಒಳಬಾಗಿಲ ಹಿಂದೆ ನಿಂತಿದ್ದೆ. ಸ್ವಲ್ಪ ಹೊತ್ತು ಯೋಚಿಸಿ, "ಬಸ್ಯಾ, ರೊಟ್ಟಿ ಚಿಂತಿ ನಿನಗ್ಯಾಕೋ? ಹೊತ್ತೇರೂದ್ರಾಗ ಬುಟ್ಟಿ ತಯಾರಿರತೈತಿ" ಎಂದೆ. ಬಸ್ಯಾ ಕಿವಿ ಅಲ್ಲಾಡಿಸಿ ತನ್ನ ಪಾಡಿಗೆ ತಾನು ಮೇವು ಎಳೆದ.

ಹಾಗೆ ಶುರುವಾಯಿತು. ಬಸ್ಯಾನೇ ಯಾಕೆಂದರೆ ಅವನು ನನ್ನ ಬಾಗಿಲಿನ ಕಡೆ ಕಟ್ಟಿದವನು. ಅಲ್ಲದೆ ಸೋಮ್ಯಾನಿಗೆ ಸದಾ ಸಿಟ್ಟು, ಅವನ ಕೂಡ ಎಂಥ ಮಾತು? ಮೊದಮೊದಲು ಬರೀ ಬೇಕಾದ ಮಾತು: ಬೀಜ, ಆಳು, ಗಿರಣಿ, ಸಂತೆ. ಆಮೇಲೆ ನಿಧಾನಕ್ಕೆ ಬೇಡದ ಮಾತೂ ಬರಹತ್ತಿದವು, ಅವರದೊಂದು, ನನ್ನದೊಂದು.

"ಬಸ್ಯಾ, ಇವತ್ತ ಸಿರಸಂಗಿ ಕಡೆ ಮ್ವಾಡ ಎಂಥಾ ಕರ್ರಗ ಕಟ್ಟಿತ್ತಂತಿ. ನೋಡಿದ್ರ ಹೆದರಬೇಕು."

"ಹಂಗಂದ್ರ ಬಸ್ಯಾ, ನಾ ಒಣಹಾಕಿದ್ದ ಸಂಡಿಗಿ ತಗೀಬೇಕಾತು."

"ಬಸ್ಯಾ, ನಿನ್ನೆ ಬುಟ್ಟ್ಯಾಗ ಬಂದ ಬದನಿಕಾಯಿಗೆ ಉಪ್ಪು ಒಂದೀಟು ಮುಂದಾಗಿತ್ತಪಾ."

"ಬಟ್ಟಲ ಮಾತ್ರ ತೊಳದಂಗ ಖಾಲಿ ಬಂತಲ್ಲೋ ಬಸ್ಯಾ?"

ಭಾವ ನಗುತ್ತಿದ್ದುದು ನನಗೆ ಕಾಣುತ್ತಿರಲಿಲ್ಲ. ಮೇವು ಹಾಕುವ ಕೈ ಸ್ವಲ್ಪ ನಿಲ್ಲುತ್ತಿತ್ತು, ಅದರಿಂದ ತಿಳಿಯುತ್ತಿತ್ತು. ಬೀದಿ ಬಾಗಿಲು ಸದಾ ತೆರೆದೇ ಇರುತ್ತಿತ್ತು, ಹೋಗಿ ಬರುವವರಿಗೆ ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು. ಎತ್ತಿನ ಕೂಡ ಮಾತಾಡಿದರೆ ಯಾರೇನು ಅನ್ನುತ್ತಾರೆ? ಆ ಎತ್ತು ಇಲ್ಲದಿದ್ದರೆ ಆ ಬೇಸಿಗೆಯಲ್ಲಿ ನಾನು ಮಾತು ಮರೆತುಬಿಡುತ್ತಿದ್ದೆನೋ ಏನೋ. ದಿನವೆಲ್ಲ ಸಂಜೆಯಾಗುವುದನ್ನೇ ಕಾಯುತ್ತಿದ್ದೆ. ಬಾವಿಕಟ್ಟೆಯಲ್ಲಿ ಏನಾದರೂ ತಮಾಷೆ ಕೇಳಿದರೆ, ಇದನ್ನು ಬಸ್ಯಾನಿಗೆ ಹೇಳಬೇಕು ಎಂದು ಸೆರಗಿಗೆ ಗಂಟು ಹಾಕಿಕೊಂಡಂತೆ ನೆನಪಿಟ್ಟುಕೊಂಡು ಬರುತ್ತಿದ್ದೆ.

ಆ ವರ್ಷ ಮಳೆ ಹದವಾಗಿ ಬಂತು. ಕಾರಹುಣ್ಣಿಮೆಗೆ ಮೊದಲೇ ಎರೆ ಭೂಮಿ ನೆನೆದು, ಕಾಲಿಟ್ಟರೆ ಕಾಲಿಗೇ ಅಂಟುವ ಹಾಗಾಗಿತ್ತು. ಹುಣ್ಣಿಮೆ ಮುಗಿದ ಮೇಲೆ ಸ್ವಲ್ಪ ಬಿಸಿಲು ಬಿದ್ದರೆ ಹೆಸರು ಬಿತ್ತುವುದೆಂದು ಭಾವ ಬಸ್ಯಾನಿಗೆ ಹೇಳಿದ್ದರು. ಹುಣ್ಣಿಮೆಯ ದಿನ ನಸುಕಿನಲ್ಲೇ ಎದ್ದು ನಾನು ನೆನೆಸಿಟ್ಟ ಜೋಳ, ಕಡುಬು, ಬೆಲ್ಲ ಕಲಸಿ ದೊಡ್ಡ ಬೋಗುಣಿ ತುಂಬ ಎತ್ತುಗಳ ಮುಂದಿಟ್ಟೆ. ಅತ್ತೆ ಮಾಡುತ್ತಿದ್ದ ಕೆಲಸ ಅದು, ಬಿಡಲು ಮನಸ್ಸಾಗಲಿಲ್ಲ. ಸೋಮ್ಯಾ ಮೂಸಿ ನೋಡಿ ಮುಖ ತಿರುವಿದ. ಬಸ್ಯಾ ತನ್ನದನ್ನೂ ತಿಂದು, ಅವನದನ್ನೂ ತಿಂದು, ಬೋಗುಣಿ ನೆಕ್ಕಿ, ನನ್ನ ಕೈಯನ್ನೂ ನೆಕ್ಕಿದ. ಆಮೇಲೆ ಭಾವ ಎತ್ತುಗಳ ಮೈ ತೊಳೆಯಲು ಹಳ್ಳಕ್ಕೆ ಹೊಡೆದುಕೊಂಡು ಹೋದರು. ನಾನು ಒಲೆಯ ಮುಂದೆ ಕೂತೆ, ಹಬ್ಬದ ಅಡುಗೆ ಬಿಟ್ಟು ಹೊರಗೆ ಬರಲಿಲ್ಲ.

ಮರುದಿನ ಬಸ್ಯಾ ಮೇವು ಮುಟ್ಟಲಿಲ್ಲ. ಮೆಲುಕು ಇಲ್ಲ, ಸೆಗಣಿ ಇಲ್ಲ. ತಲೆ ಜೋತು ಹಾಕಿಕೊಂಡು ನಿಂತಿದ್ದ. ಆಗಾಗ ಹಲ್ಲು ಕಡಿಯುತ್ತಿದ್ದ, ಕಲ್ಲಿನ ಮೇಲೆ ಕಲ್ಲು ತಿಕ್ಕಿದ ಹಾಗೆ. ಎತ್ತು ಹಲ್ಲು ಕಡಿದರೆ ಒಳಗೆ ನೋವಿದೆ ಎಂದರ್ಥ, ಅಷ್ಟು ನನಗೆ ತವರಿನಲ್ಲೇ ಗೊತ್ತಿತ್ತು.

"ಬಸ್ಯಾ, ಯಾಕೋ ಮೈಯಾಗ ಬರೋಬ್ಬರಿ ಇಲ್ಲೇನು?" ಎಂದೆ ಬಾಗಿಲ ಮರೆಯಿಂದ.

"ಹಬ್ಬದ ಊಟ ಹೆಚ್ಚಾಗೇತಿ ಬಿಡೋ ಬಸ್ಯಾ. ಒಂದಿನ ಉಪಾಸ ಬಿದ್ರ ತಾನ ಹಗುರಾಕ್ಕೀ" ಎಂದರು ಭಾವ. ಅಜವಾನ, ಇಂಗು, ಉಪ್ಪು ಅರೆದು ಎಣ್ಣೆಯಲ್ಲಿ ಕದಡಿ, ಬಿದಿರಿನ ಗೊಟ್ಟದಲ್ಲಿ ತುಂಬಿ ಬಾಯೊಳಗೆ ಸುರಿದರು. ಅರ್ಧ ಒಳಗೆ ಹೋಯಿತು, ಅರ್ಧ ಭಾವನ ಅಂಗಿಯ ಮೇಲೆ ಬಂತು.

ದನಕ್ಕೆ ಜಡ್ಡು ಬಂದರೆ ನಮ್ಮೂರಲ್ಲಿ ಒಂದು ಸರತಿ ಇತ್ತು. ಮೊದಲು ಮನೆಯ ಮದ್ದು. ಅದಕ್ಕೆ ಬಗ್ಗದಿದ್ದರೆ ದೃಷ್ಟಿ ತೆಗೆಯುವುದು. ಆಮೇಲೆ ಉಗರಗೋಳದ ಕಡೆಯಿಂದ ಒಬ್ಬ ಬಂದು ಕಾದ ಕಬ್ಬಿಣದಿಂದ ಬರೆ ಹಾಕುತ್ತಿದ್ದ. ಅದೂ ಆಗಿ, ಇನ್ನೇನೂ ಉಳಿಯಲಿಲ್ಲ ಎಂದಾಗ ದನದ ಡಾಕ್ಟರು. ಅಷ್ಟರಲ್ಲಿ ಡಾಕ್ಟರ ಕೈಗೆ ಸಿಗುವುದು ದನವಲ್ಲ, ದನದ ಚರ್ಮ. ಹೀಗಾಗಿ ಡಾಕ್ಟರು ಊರಿಗೆ ಬಂದರೆಂದರೆ ಯಾರದೋ ಮನೆಯ ದನ ಹೋಯಿತೆಂದೇ ಜನ ತಿಳಿಯುತ್ತಿದ್ದರು. ಅವರು ಬಂದದ್ದಕ್ಕೇ ಹೋಯಿತು ಅನ್ನುವವರೂ ಇದ್ದರು. ಕಡೆಗೆ ಕರೆಯುವುದು, ಆಮೇಲೆ ಕಾಲ್ಗುಣ ಸರಿಯಿಲ್ಲ ಅನ್ನುವುದು. ನಮ್ಮ ಜನರ ಬುದ್ಧಿಗೆ ಏನು ಹೇಳುವುದು.

ಗೊಟ್ಟ ಹಾಕಿದ ಮರುದಿನ ಬೆಳಗಾಗುವಷ್ಟರಲ್ಲಿ ಬಸ್ಯಾ ಮಲಗಿಬಿಟ್ಟಿದ್ದ. ಎಡಗಡೆಯ ಹೊಟ್ಟೆ ಉಬ್ಬಿ ಬಿಗಿದಿತ್ತು. ಕುತ್ತಿಗೆ ಚಾಚಿ ನರಳುತ್ತಿದ್ದ, ಕಣ್ಣು ಒಳಗೆ ಹೋಗಿದ್ದವು. ಬೀದಿಯ ನಾಲ್ಕು ಜನ ಬಂದು ನಿಂತರು. ಒಬ್ಬ ಬಾಲ ತಿರುವಿ ನೋಡಿದ, ಒಬ್ಬ ಕಿವಿ ಮುಟ್ಟಿ ನೋಡಿದ, ಒಬ್ಬ ಏನೂ ಮುಟ್ಟದೆ ತಲೆ ಅಲ್ಲಾಡಿಸಿದ. ಕಾಳವ್ವ ಉಪ್ಪು, ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿ, "ಘಾಟ ಬರಲಿಲ್ಲ ನೋಡ, ದೃಷ್ಟಿನ ಆಗೈತಿ" ಎಂದು ತೀರ್ಪು ಕೊಟ್ಟಳು. ಹೊರಗೆ ಜಿಟಿಜಿಟಿ ಮಳೆ. ಬಿತ್ತಿಗೆಯ ಹದ ಮುಂದಿನ ವಾರಕ್ಕೆ ಕಾಯುವುದಿಲ್ಲ, ಒಂದು ಎತ್ತು ಹೋದರೆ ಎರಡೂ ಹೊಲ ಬೀಳು. ಅದು ಎಲ್ಲರಿಗೂ ಗೊತ್ತಿತ್ತು, ಭಾವನಿಗೆ ಎಲ್ಲರಿಗಿಂತ ಹೆಚ್ಚು ಗೊತ್ತಿತ್ತು. ಆದರೆ ನನ್ನ ಚಿಂತೆ ಹೊಲದ್ದಲ್ಲ. ಬಸ್ಯಾ ಹೋದರೆ ನಾನು ಯಾರ ಕೂಡ ಮಾತಾಡಲಿ?

"ಬಸ್ಯಾ," ಎಂದೆ ಒಳಗಿನಿಂದ, "ನಿನಗ ಡಾಕ್ಟರ್ ಬೇಕಾಗ್ಯಾರಲ್ಲೋ."

ಭಾವ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. "ಇವತ್ತೊಂದಿನ ನೋಡೂಣೋ ಬಸ್ಯಾ. ನಾಳೆ ಬರಿ ಹಾಕಾಂವನ್ನ ಕರಸ್ತೇನಿ" ಎಂದರು.

"ಬರಿ ಬ್ಯಾಡೋ ಬಸ್ಯಾ. ಹೊಟ್ಟಿ ಒಳಗ ನೋವಿದ್ರ ತೊಗಲು ಸುಟ್ಟು ಏನು ಮಾಡ್ತಾರ?"

ಜನ ನಮ್ಮಿಬ್ಬರನ್ನೂ ಎತ್ತನ್ನೂ ನೋಡುತ್ತ ನಿಂತಿದ್ದರು. ಭಾವ ಎತ್ತಿನ ಕೊರಳು ಸವರಿದರು. ಆಮೇಲೆ ದನಿ ತಗ್ಗಿಸಿ ಬಸ್ಯಾನ ಕಿವಿಯ ಹತ್ತಿರ, "ಡಾಕ್ಟರ್ ಬಂದು ಸೂಜಿ ಚುಚ್ಚಿ, ಹೆಚ್ಚು ಕಡಿಮಿ ಆತಂದ್ರ ನಾ ನನ್ನ ತಮ್ಮಗ ಏನು ಹೇಳಲೋ? ಅಂವಾ ಅಲ್ಲಿ ಗಡಿಮ್ಯಾಲ ಅದಾನ. ಅವನ ಎತ್ತು ನನ್ನ ಕೈಯಾಗ ಹೋತು ಅಂತ ಪತ್ರ ಬರೀಲೇನು?" ಎಂದರು.

ಆಗ ನನಗೆ ಅರ್ಥವಾಯಿತು. ಅವರು ಹಟಕ್ಕೆ ತಡೆಯುತ್ತಿರಲಿಲ್ಲ, ಭಯಕ್ಕೆ ತಡೆಯುತ್ತಿದ್ದರು. ಮನೆಯ ಮದ್ದು ಕೊಟ್ಟು ಎತ್ತು ಸತ್ತರೆ ಅದು ದೇವರ ಇಚ್ಛೆ. ಡಾಕ್ಟರನ್ನು ಕರೆಸಿ ಸತ್ತರೆ ಅದು ಕರೆಸಿದವರ ತಲೆಗೆ. ಅವರು ತಮ್ಮನ ಎತ್ತಿಗೆ ನಾನು ಹೇಗೆ ನಿರ್ಧಾರ ಮಾಡಲಿ ಎಂದು ಕೂತಿದ್ದರು, ನಾನು ಹಿರಿಯರಿದ್ದಾಗ ನಾನು ಹೇಗೆ ನಿರ್ಧಾರ ಮಾಡಲಿ ಎಂದು ನಿಂತಿದ್ದೆ. ನಡುವೆ ಬಸ್ಯಾ ಸಾಯುತ್ತಿದ್ದ.

ಹೊಸ್ತಿಲು ದಾಟಿ ಹೊರಗೆ ಬಂದೆ. ಸೆರಗು ತಲೆಯ ಮೇಲೆ ಇತ್ತೋ ಜಾರಿತ್ತೋ ಈಗ ನೆನಪಿಲ್ಲ. ಭಾವನ ಎದುರು ನಿಂತು, ಅವರ ಮುಖ ನೋಡಿಯೇ ಹೇಳಿದೆ: "ಎತ್ತು ನಂದೈತಿ ಭಾವಾರ. ನೀವು ಸವದತ್ತಿಗಿ ಹೋಗಿ ಡಾಕ್ಟರನ್ನ ಕರಕೊಂಡ ಬರ್ರಿ. ಏನರ ಆದ್ರ ನಮ್ಮವರಿಗೆ ನಾ ಹೇಳಕೋತೇನಿ."

ಕಾಳವ್ವ "ಯವ್ವಾ!" ಎಂದು ಬಾಯಿಗೆ ಸೆರಗು ಹಿಡಿದಳು. ಭಾವ ತಲೆ ಎತ್ತಿ ನನ್ನನ್ನು ನೋಡಿದರು. ಅವರ ಕಣ್ಣು ನಸುಗಂದು ಬಣ್ಣದ್ದು ಎಂದು ನನಗೆ ಗೊತ್ತಾದದ್ದೇ ಆಗ. ಬಸ್ಯಾನ ತಲೆಯನ್ನು ಮೆಲ್ಲಗೆ ನೆಲಕ್ಕಿಳಿಸಿ, ಗೋಣಿಚೀಲ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಮಳೆಯಲ್ಲಿ ನಡೆದುಬಿಟ್ಟರು.

ಬಂದ ಜನ ಒಬ್ಬೊಬ್ಬರಾಗಿ ಹೋದರು. ನಾನು ಬಸ್ಯಾನ ಪಕ್ಕದಲ್ಲಿ ಕೂತೆ. ಅದುವರೆಗೆ ಅವನ ಹೆಸರು ಹಿಡಿದು ಎಷ್ಟೋ ಮಾತಾಡಿದ್ದೆ, ಅವನ ಕೂಡ ಒಂದೂ ಆಡಿರಲಿಲ್ಲ. ಅವತ್ತು ಆಡಿದೆ. ತಡಕೋ ಬಸ್ಯಾ, ಬರತಾರ ತಡಕೋ ಎಂದು ಹೊಟ್ಟೆ ನೀವುತ್ತ ಕೂತೆ. ಅತ್ತೆ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ. ಸೋಮ್ಯಾ ಹಗ್ಗ ಜಗ್ಗಿ ಜಗ್ಗಿ ಇವನ ಬೆನ್ನು ಮೂಸಲು ನೋಡುತ್ತಿದ್ದ, ಹಗ್ಗ ಅಷ್ಟು ದೂರ ಬರುತ್ತಿರಲಿಲ್ಲ. ಎದ್ದು ಹಗ್ಗ ಬಿಚ್ಚಿ ಸಡಿಲ ಕಟ್ಟಿದೆ.

ಡಾಕ್ಟರು ಬಂದಾಗ ಇನ್ನೂ ಬೆಳಕಿತ್ತು. ಡಾಕ್ಟರ ಫಟಫಟಿಯ ಗಾಲಿ ಎರೆಮಣ್ಣಿನಲ್ಲಿ ಹೂತು, ಊರ ಹೊರಗೇ ಬಿಟ್ಟು, ಇಬ್ಬರೂ ಮೊಣಕಾಲವರೆಗೆ ಕೆಸರು ಮಾಡಿಕೊಂಡು ನಡೆದು ಬಂದರು. ಔಷಧದ ಪೆಟ್ಟಿಗೆ ಭಾವನ ಎದೆಗೆ ಅವುಚಿತ್ತು. ಡಾಕ್ಟರು ಮೈಸೂರು ಕಡೆಯ ಹುಡುಗ. ಅಷ್ಟು ಬೇಗ ಯಾರೂ ಕರೆದ ಅಭ್ಯಾಸವಿಲ್ಲದ್ದರಿಂದಲೋ ಏನೋ, ಎತ್ತು ಇನ್ನೂ ಉಸಿರಾಡುತ್ತಿರುವುದು ನೋಡಿ ಅವರಿಗೇ ಸಂತೋಷವಾದಂತೆ ಕಂಡಿತು. ಅಂಗಿಯ ತೋಳು ಮಡಚಿ ಮಣ್ಣಲ್ಲೇ ಕೂತರು.

"ಸಗಣಿ ಹಾಕಿ ಎಷ್ಟು ಹೊತ್ತಾಯ್ತು?" ಎಂದು ಕೇಳಿದರು.

ನಾನು ಮತ್ತೆ ಬಾಗಿಲ ಮರೆಗೆ ಸರಿದಿದ್ದೆ. ರೂಢಿ ಬಿಡಬೇಕಲ್ಲ. "ಬಸ್ಯಾ, ನಿನ್ನೆ ಮುಂಜಾನಿಂದ ಏನೂ ಹಾಕಿಲ್ಲಲ್ಲೋ ನೀನು" ಎಂದೆ.

ಡಾಕ್ಟರು ಎತ್ತಿನ ಮುಖ ನೋಡಿದರು, ಬಾಗಿಲ ಕಡೆ ನೋಡಿದರು. "ನನಗೆ ಹೇಳಮ್ಮ. ಎತ್ತಿಗೆ ಹೇಳಿದ್ರೆ ಅದು ನನಗೆ ಹೇಳುತ್ತಾ?" ಎಂದರು. ಸುದ್ದಿ ಕೇಳಿ ಮತ್ತೆ ಕೂಡಿದ್ದ ಜನ ನಕ್ಕರು. ಬೇರೆ ದಿನವಾಗಿದ್ದರೆ ಭಾವ ತಕ್ಷಣ, ಹೌದೇನೋ ಬಸ್ಯಾ ಎಂದು ನನ್ನ ಮಾನ ಉಳಿಸುತ್ತಿದ್ದರು. ಅವತ್ತು ಕೆಳಗೆ ನೋಡುತ್ತ ನಿಂತಿದ್ದರು.

"ಹಬ್ಬಕ್ಕೆ ಏನು ತಿನ್ನಿಸಿದ್ರಿ?"

"ನೆನಸಿದ ಜ್ವಾಳ, ಕಡುಬು ಕೊಟ್ಟೇನ್ರಿ," ಎಂದರು ಭಾವ, "ಹಳ್ಳದಿಂದ ಹೊಡಕೊಂಡ ಬಂದ ಮ್ಯಾಲ. ಒಂದು ಬುಟ್ಟಿ."

ನಾನು ಡಾಕ್ಟರಿಗೇ ಹೇಳಿದೆ: "ನಾನೂ ಕೊಟ್ಟಿದ್ನಿರಿ. ಹಳ್ಳಕ್ಕ ಹೋಗೂಕಿಂತ ಮೊದಲ."

"ಎರಡು ಸಲಾನಾ? ಒಂದೇ ಮನೇಲಿ ಇಬ್ಬರೂ ಬೇರೆ ಬೇರೆ ತಿನ್ನಿಸಿದ್ರಾ? ಒಬ್ಬರನ್ನೊಬ್ಬರು ಒಂದು ಮಾತು ಕೇಳಬಾರದಾ?"

ಅವರಿಗೆ ಏನೆಂದು ಹೇಳುವುದು? ನಾವಿಬ್ಬರೂ ಮಾತಾಡುತ್ತೇವೆ, ಆದರೆ ಎತ್ತಿನ ಮೂಲಕ. ಆ ಎತ್ತೇ ಎರಡೂ ಕಡೆ ತಿಂದು ಒಂದು ಕಡೆಯೂ ಬಾಯಿ ಬಿಡಲಿಲ್ಲ ಎಂದೇ?

ಡಾಕ್ಟರು ಹೊಟ್ಟೆಗೆ ಕೈ ಬಡಿದು ಕೇಳಿದರು. ಬಾಯೊಳಗೆ ಕಟ್ಟಿಗೆಯ ತುಂಡು ಅಡ್ಡ ಕೊಟ್ಟು ಉದ್ದನೆಯ ರಬ್ಬರಿನ ಕೊಳವೆ ಇಳಿಸಿದರು. ಅಗಸೆ ಎಣ್ಣೆಯಲ್ಲಿ ಟರ್ಪೆಂಟೈನ್ ಬೆರೆಸಿ, ಸೋಡಾ ಕದಡಿದ ನೀರು ಸೇರಿಸಿ ಕೊಳವೆಯಲ್ಲಿ ಬಿಟ್ಟರು. ಇಡೀ ಮನೆ ಆ ವಾಸನೆಯಿಂದ ತುಂಬಿತು. ಕುತ್ತಿಗೆಗೆ ಸೂಜಿ ಚುಚ್ಚುವಾಗ ಭಾವ ಕಣ್ಣು ಮುಚ್ಚಿಕೊಂಡದ್ದನ್ನು ಕಂಡೆ. ಮಲಗಿದ ದನಕ್ಕೆ ಗೊಟ್ಟ ಹಾಕಬೇಡಿ, ಎಣ್ಣೆ ಪುಪ್ಪುಸಕ್ಕೆ ಹೋಗುತ್ತದೆ ಎಂದು ಡಾಕ್ಟರು ಎಲ್ಲರಿಗೂ ಕೇಳುವಂತೆ ಹೇಳಿದರು. ಆಮೇಲೆ ಹೊಟ್ಟೆ ತಿಕ್ಕುವುದು, ನಾಲ್ಕು ಜನ ಸೇರಿ ಎಬ್ಬಿಸಿ ನಿಲ್ಲಿಸುವುದು, ಮತ್ತೆ ತಿಕ್ಕುವುದು. ಕಡೆಗೆ ಬಸ್ಯಾ ಒಂದು ತೇಗು ತೇಗಿದ. ಅಂಥ ಹುಳಿ ವಾಸನೆಯ, ಅಂಥ ದೊಡ್ಡ ತೇಗನ್ನು ನಾನು ಆಮೇಲೆ ಎಂದೂ ಕೇಳಿಲ್ಲ. ಬೀದಿಯ ಜನ ಚಪ್ಪಾಳೆ ತಟ್ಟಿದರು. ಕಾಳವ್ವ ಡಾಕ್ಟರಿಗೇ ದೃಷ್ಟಿ ತೆಗೆಯಲು ಹೊರಟಳು.

ಕೈ ತೊಳೆಯುತ್ತ ಡಾಕ್ಟರು, "ಒಳ್ಳೆ ಹೊತ್ತಿಗೆ ಕರೆಸಿದ್ರಿ. ನಾಳೆಗೆ ಬಿಟ್ಟಿದ್ರೆ ನಾನು ಬಂದು ನೋಡಿಕೊಂಡು ಹೋಗೋದಷ್ಟೇ. ಈ ಊರಲ್ಲಿ ಯಾರಿಗೆ ಇಷ್ಟು ಬೇಗ ಬುದ್ಧಿ ಬಂತು?" ಎಂದು ನಗುತ್ತ ಕೇಳಿದರು.

ಎಲ್ಲರೂ ಭಾವನ ಕಡೆ ನೋಡಿದರು. ಭಾವ ತಂಬಿಗೆಯಿಂದ ನೀರು ಹಾಕುತ್ತಿದ್ದರು. ನೀರು ನಿಲ್ಲಿಸದೆ, "ಎತ್ತು ಯಾರದೋ ಅವರು ಕರಸ್ಯಾರ್ರಿ" ಎಂದರು.

ಆ ಮಾತು ನನಗೆ ಚುಚ್ಚಿದಷ್ಟು ಆ ಸೂಜಿ ಬಸ್ಯಾನಿಗೂ ಚುಚ್ಚಿರಲಿಕ್ಕಿಲ್ಲ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆದರೆ ಅದುವರೆಗೆ ಅವರ ಬಾಯಲ್ಲಿ ಬಸ್ಯಾ "ನಮ್ಮ ಎತ್ತು". ನಾನು ನಂದು ಅಂದದ್ದು ಅವರ ಹೆಗಲ ಮೇಲಿನ ಭಾರ ಇಳಿಸಲಿಕ್ಕೆ, ಏನಾದರೂ ಆದರೆ ಅದು ನನ್ನ ತಲೆಗಿರಲಿ ಎಂದು. ಅವರಿಗೆ ಅದು ಹಾಗೆ ಕೇಳಿಸಲಿಲ್ಲ. ಪಾಲಾದ ಮನೆಯಲ್ಲಿ ಪಾಲಾಗದೆ ಉಳಿದದ್ದು ಆ ಅಂಕಣ ಒಂದೇ. ಅದರ ನಡುವೆ ನಾನೇ ಗೆರೆ ಎಳೆದ ಹಾಗೆ ಕೇಳಿಸಿರಬೇಕು.

ಬಸ್ಯಾ ಚೇತರಿಸಿಕೊಂಡ. ಮೊದಲು ಒಂದು ಹಿಡಿ ಹಸಿ ಹುಲ್ಲು ತಿಂದ, ಆಮೇಲೆ ಕಣಕಿ. ಬಿಸಿಲು ಬಿತ್ತು, ಹದ ತಪ್ಪಲಿಲ್ಲ. ಎರಡೂ ಹೊಲಕ್ಕೆ ಹೆಸರು ಬಿತ್ತಿದರು, ಮೊದಲು ನಮ್ಮದಕ್ಕೆ, ಆಮೇಲೆ ತಮ್ಮದಕ್ಕೆ. ಕೆಲಸದಲ್ಲಿ ಭಾವ ಒಂದು ಕೂದಲಿನಷ್ಟೂ ವ್ಯತ್ಯಾಸ ಮಾಡಲಿಲ್ಲ.

ಎತ್ತು ಎದ್ದು ನಿಂತ ಸಂಜೆ ನಾನು ಬಾಗಿಲ ಹಿಂದೆ ಬಂದು ನಿಂತಿದ್ದೆ. ಭಾವ ಬಂದರು, ಗೋದಲಿ ಗುಡಿಸಿದರು, ಮೇವು ಹಾಕಿದರು. ಏನಾದರೂ ಅಂದಾರು ಎಂದು ಕಾದೆ. ಕಡೆಗೆ ನಾನೇ, "ಬಸ್ಯಾ, ಈಗ ಹೆಂಗನಸ್ತೈತೋ ಹೊಟ್ಟಿ?" ಎಂದೆ. ಭಾವ ಕೈ ಝಾಡಿಸಿಕೊಂಡು ಹೊರಟುಹೋದರು. ಮರುದಿನವೂ ಅಷ್ಟೇ. ಬಸ್ಯಾನಿಗೆ ನಮ್ಮ ಬಣವೆಯ ಮೇವು, ಸೋಮ್ಯಾನಿಗೆ ತಮ್ಮ ಬಣವೆಯದು ತರುತ್ತಿದ್ದರು. ಅದಕ್ಕೆ ಮುಂಚೆ, ಕೈಗೆ ಸಿಕ್ಕ ಬಣವೆಯಿಂದ ಎರಡಕ್ಕೂ ಹಾಕುತ್ತಿದ್ದರು.

ಬಾವಿಕಟ್ಟೆಯಲ್ಲಿ ಸುದ್ದಿ ಹಬ್ಬಿತ್ತು. ಮಿಲಿಟರಿಯವನ ಹೆಂಡತಿ ತಲೆ ಮೇಲೆ ಸೆರಗಿಲ್ಲದೆ ಭಾವನ ಎದುರು ನಿಂತು ಮಾತಾಡಿದಳಂತೆ. ಎತ್ತು ಉಳಿಯಿತಲ್ಲ ಎಂದು ಒಬ್ಬಳೂ ಅನ್ನಲಿಲ್ಲ. ಒಂದು ದಿನ ಕಾಳವ್ವ ಬಂದು ಹೊಸ್ತಿಲ ಮೇಲೆ ಕೂತು, ಎಲೆಗೆ ಸುಣ್ಣ ಹಚ್ಚುತ್ತ, "ತಂಗೀ, ನಿಮ್ಮ ಭಾವ ಹೇಳ್ಯಾನ. ಇನ್ನ ಮ್ಯಾಲ ಏನರ ಬೇಕಾದ್ರ ನನ್ನ ಕೈಯಾಗ ಹೇಳಿ ಕಳಸಬೇಕಂತ. ಮಂದಿ ಬಾಯಿ ಸರಿ ಇಲ್ಲ, ಆ ಹುಡುಗಿಗಿ ಕೆಟ್ಟ ಹೆಸರು ಬರೂದು ಬ್ಯಾಡ ಅಂದ" ಎಂದಳು.

ನನ್ನ ಮರ್ಯಾದೆಗಾಗಿಯೇ ಹಾಗೆ ಮಾಡಿದರೆಂದು ನನಗೆ ಗೊತ್ತಾಯಿತು. ಗೊತ್ತಾದರೂ ದುಃಖ ಕಡಿಮೆಯಾಗಲಿಲ್ಲ. ನಂದು ಅಂದದ್ದು ಯಾಕೆ ಎಂದು ಒಂದು ಸಲ ಅವರಿಗೆ ತಿಳಿಸಬೇಕೆಂದು ಜೀವ ಒದ್ದಾಡುತ್ತಿತ್ತು. ಅದನ್ನು ಕಾಳವ್ವನ ಬಾಯಿಗೆ ಹಾಕುವುದು ಹೇಗೆ? ಅವಳ ಬಾಯಿಂದ ಅದು ಗೋಡೆ ದಾಟುವಷ್ಟರಲ್ಲಿ ಇನ್ನೇನೋ ಆಗಿರುತ್ತಿತ್ತು. ನಮ್ಮವರಿಗೆ ಬರೆದ ಪತ್ರದಲ್ಲಿ ಎತ್ತಿಗೆ ಜಡ್ಡಾಗಿತ್ತು, ಈಗ ಆರಾಮ ಅದೆ, ನಿಮ್ಮ ಅಣ್ಣಾರು ಡಾಕ್ಟರನ್ನು ಕರೆತಂದರು ಎಂದಷ್ಟೇ ಬರೆದೆ. ಎಲ್ಲವೂ ನಿಜವೇ.

ಕಾಳವ್ವ ನಂಬಿಗಸ್ತೆ. ಬೀಜ ಎಷ್ಟು ಉಳಿಯಿತು, ಕಳೆ ಯಾವಾಗ ತೆಗೆಸುವುದು, ಗಿರಣಿಗೆ ಜೋಳ ಯಾರು ಒಯ್ಯುತ್ತಾರೆ, ಎಲ್ಲವನ್ನೂ ಚಾಚೂ ತಪ್ಪದೆ ಒಯ್ದು ತರುತ್ತಿದ್ದಳು. ಬೇಕಾದ ಮಾತು ಒಂದೂ ನಿಲ್ಲಲಿಲ್ಲ. ಶ್ರಾವಣ ಬಂತು. ಮಳೆ ಬಿಟ್ಟೂ ಬಿಡದೆ ಹಿಡಿದು, ಮನೆಯೊಳಗೆ ಹಗಲೂ ಮಬ್ಬು. ಹೆಸರು ಹೂ ಬಿಟ್ಟಿದೆ ಎಂದು ಜನ ಆಡಿಕೊಳ್ಳುವುದರಿಂದ ತಿಳಿದೆ. ಮೊದಲಾದರೆ ಬಸ್ಯಾನಿಗೆ ಆ ಸುದ್ದಿ ಎಲ್ಲರಿಗಿಂತ ಮುಂಚೆ ಬರುತ್ತಿತ್ತು.

ಒಂದು ಮಧ್ಯಾಹ್ನ ಎತ್ತುಗಳಿಗೆ ನೀರು ಇಡಲು ಹೋದೆ. ಬಸ್ಯಾ ಇದ್ದಕ್ಕಿದ್ದಂತೆ ಜೋರಾಗಿ ಸೀನಿದ. ಅಷ್ಟು ದೊಡ್ಡ ಸಿಟ್ಟಿನ ಸೋಮ್ಯಾ ಆ ಸೀನಿಗೆ ಬೆದರಿ ಹಿಂದೆ ಸರಿದು ಬಕೀಟಿನೊಳಗೆ ಕಾಲಿಟ್ಟ. ಕಾಲು ಹೊರಗೆ ತೆಗೆಯಲು ಬಾರದೆ, ಬಕೀಟು ಕಟ್ಟಿಕೊಂಡೇ ಠಣ್ ಠಣ್ ಎಂದು ಸುತ್ತಹತ್ತಿದ. ನನಗೆ ನಗು ತಡೆಯಲಾಗಲಿಲ್ಲ. ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನಕ್ಕು ನಕ್ಕು, ಅತ್ತ ಕಡೆ ತಿರುಗಿ, "ಬಸ್ಯಾ" ಎಂದು ಬಾಯಿ ತೆರೆದೆ. ಆಚೆ ಭಾವ ಇದ್ದರು, ಹಗ್ಗ ಹೊಸೆಯುವ ಸಪ್ಪಳ ಬರುತ್ತಿತ್ತು. ಬಾಯಿ ಮುಚ್ಚಿಕೊಂಡೆ.

ಕಾಳವ್ವ ಬಾಗಿಲಲ್ಲಿ ನಿಂತಿದ್ದಳು. "ಒಬ್ಬಾಕಿನ ಯಾಕ ನಗಾಕತ್ತೀಯಬೇ? ನಾ ನಿಮ್ಮ ಭಾವನ ಕಡೆ ಹೊಂಟೇನಿ. ಏನರ ಹೇಳೂದೈತೇನು?" ಎಂದು ಕೇಳಿದಳು.

ನಾನು ಕಣ್ಣು ಒರೆಸಿಕೊಂಡೆ. ಸೋಮ್ಯಾನ ಕಾಲಿನಿಂದ ಬಕೀಟು ಬಿಡಿಸಿದೆ.

"ಏನಿಲ್ಲಬೇ ಕಾಳವ್ವಾ. ನಾಳೆ ಹೊಲಕ್ಕ ಎಷ್ಟು ಮಂದಿ ಆಳು ಬರತಾರ ಅಂತ ಕೇಳಕೊಂಡ ಬಾ. ರೊಟ್ಟಿಗಿ."

ಕಾಳವ್ವ ಹೋಗಿ ಕೇಳಿಕೊಂಡು ಬಂದಳು. ಮೂರು ಮಂದಿಯಂತೆ.